ಕೇಳದ ಪ್ರಶ್ನೆಗೂ ಉತ್ತರ ಕೊಡುತ್ತಿದ್ದ ಕಿಟಕಿ

ನಾನು ಕೂರುತ್ತಿದ್ದ ಕಿಟಕಿಯಲ್ಲಿ ಒಂದು ತಲೆ, ಒಂದು ಕೈ ಮಾತ್ರ ಹಿಡಿಸುತ್ತಿತ್ತು. ತಲೆ ಪ್ರಶ್ನೆ ಕೇಳುತ್ತಿತ್ತು, ಕೈ ಕಿಟಕಿಯ ಸರಳನ್ನು ಹಿಡಿದುಕೊಂಡಿರುತ್ತಿತ್ತು. ಹಿಡಿತ ಬಿಗಿಯಾಗಿದ್ದರೆ ಅಪ್ಪ, ಸಡಿಲವಾಗಿದ್ದರೆ ಮಾವ ಅಥವಾ ಚಿಕ್ಕಪ್ಪ ಎಂದು ನಾನು ಮುಖ ನೋಡದೆಯೇ ಹೇಳಿಬಿಡುತ್ತಿದ್ದೆ. ಹೇಳಿದ್ದು ಹೆಚ್ಚಿನ ಸಲ ತಪ್ಪಾಗುತ್ತಿತ್ತು. ಆದರೂ ಹೇಳುವುದನ್ನು ಬಿಡಲಿಲ್ಲ. ನನ್ನ ವೃತ್ತಿಜೀವನದ ಸಾರಾಂಶ ಇಷ್ಟೇ. ಅವಸರದಲ್ಲಿರುವವರು ಇಲ್ಲಿಗೇ ನಿಲ್ಲಿಸಬಹುದು.

ತುಡಿಯಲೂರು ದಾಟಿದ ಮೇಲೆ ಮೇಟ್ಟುಪಾಳೆಯಂ ರಸ್ತೆಯಲ್ಲಿ ಒಂದು ಕಾಲೇಜು. ಹೆಸರು ಬೇಡ. ಅಲ್ಲಿ ನಾನು ಎಂಬತ್ತರ ದಶಕವನ್ನೆಲ್ಲ ವಿಚಾರಣೆ ಗುಮಾಸ್ತನಾಗಿ ಕಳೆದೆ. ಈಗ ಅದೇ ಜಾಗದಲ್ಲಿ ಗಾಜಿನ ಕೋಣೆ, ತಣ್ಣನೆ ಗಾಳಿ, ಸೋಫಾ ಎಲ್ಲ ಇದೆಯಂತೆ. ಅಲ್ಲಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು, “ಜನ ಬಂದು ಏನೇನೋ ಕೇಳುತ್ತಾರೆ ಅಂಕಲ್, ನೀವು ಹೇಗೆ ನಿಭಾಯಿಸುತ್ತಿದ್ದಿರಿ?” ಎಂದು ಕೇಳಿದಳು. ನಿಭಾಯಿಸುತ್ತಿರಲಿಲ್ಲ ಮಗಳೇ. ಅದನ್ನು ಹೇಳುವುದಕ್ಕೇ ಬರೆಯುತ್ತಿದ್ದೇನೆ. ಬಡ್ತಿಯ ವಿಷಯ ಬರೆಯುವುದಿಲ್ಲ, ಬರೆಯುವಷ್ಟು ಬಡ್ತಿ ಆಗಲಿಲ್ಲ.

ಕನ್ನಡದಲ್ಲಿ ಬರೆಯುತ್ತಿರುವುದಕ್ಕೂ ಒಂದು ಮಾತು ಹೇಳಬೇಕು. ನಮ್ಮದು ತಲೆತಲಾಂತರದಿಂದ ಕೊಯಮತ್ತೂರಿನಲ್ಲೇ ಇರುವ ನೇಯ್ಗೆಯವರ ಮನೆತನ. ಹೊರಗೆಲ್ಲ ತಮಿಳು, ಹೊಸ್ತಿಲು ದಾಟಿ ಒಳಗೆ ಬಂದರೆ ಕನ್ನಡ. ನನ್ನ ಕನ್ನಡವೆಲ್ಲ ತಾತ ಮತ್ತು ಅವರ ತಂಗಿಯರ ಬಾಯಿಂದ ಬಂದದ್ದು. ಅಕ್ಷರ ಮಾತ್ರ ಗೊತ್ತಿರಲಿಲ್ಲ. ನಮ್ಮ ಕಾಲೇಜಿಗೆ ಮೈಸೂರು ಕಡೆಯಿಂದ ಬಂದ ಗ್ರಂಥಪಾಲಕರೊಬ್ಬರು ಮಧ್ಯಾಹ್ನದ ಬಿಡುವಿನಲ್ಲಿ ನನ್ನನ್ನು ಕೂರಿಸಿ ಅ ಆ ತಿದ್ದಿಸಿದರು. ನನ್ನ ವಾಕ್ಯಗಳಲ್ಲಿ ತಮಿಳಿನ ವಾಸನೆ ಬಂದರೆ ಆ ಪುಣ್ಯಾತ್ಮರನ್ನು ಬೈಯಬೇಡಿ.

ಆ ಕಾಲದ ತಂದೆತಾಯಿಗಳಿಗೆ ನಾವು ಅಚ್ಚು ಹಾಕಿಸಿದ ಪ್ರಾಸ್ಪೆಕ್ಟಸ್ ಕೊಡುತ್ತಿದ್ದೆವು. ಅದರಲ್ಲಿ ಆಡಳಿತ ಮಂಡಳಿಯವರ ಫೋಟೋ, ಪ್ರಾರ್ಥನಾ ಮಂದಿರದ ಫೋಟೋ, ಯಾವ ವಿಷಯಕ್ಕೆ ಎಷ್ಟು ಅಂಕ ಬೇಕು ಎನ್ನುವುದು ಎಲ್ಲ ಇತ್ತು. ಜನ ಕೇಳುತ್ತಿದ್ದದ್ದು ಮಾತ್ರ ಇರಲಿಲ್ಲ. “ಹಾಸ್ಟೆಲ್‌ನಲ್ಲಿ ಶನಿವಾರ ಎಣ್ಣೆಸ್ನಾನಕ್ಕೆ ಬಿಸಿನೀರು ಕೊಡ್ತೀರಾ?” ಎಂದು ಒಬ್ಬರು. “ನನ್ನ ಮಗ ಮೊಸರನ್ನ ಇಲ್ಲದೆ ಏಳುವುದಿಲ್ಲ, ಎಬ್ಬಿಸೋರು ಯಾರು?” ಎಂದು ಇನ್ನೊಬ್ಬರು. “ನಿಮ್ಮಲ್ಲಿ ಓದಿದ ಹುಡುಗರು ಅಪ್ಪನ ಜೊತೆ ಮಾತಾಡ್ತಾರಾ?” ಎಂದು ಮತ್ತೊಬ್ಬರು. ಅವರು ಕೇಳಿದ್ದು ತಮಾಷೆಗಲ್ಲ. ಮೊದಲ ಮಗನನ್ನು ಬೇರೆ ಕಾಲೇಜಿಗೆ ಕಳಿಸಿ ನೋಡಿದ್ದರು.

ನನ್ನ ಉತ್ತರ ಎಲ್ಲಕ್ಕೂ ಒಂದೇ: “ಆಗುತ್ತೆ, ಆಗುತ್ತೆ.” ಇದರಿಂದ ಒಮ್ಮೆ ಚೆನ್ನಾಗಿ ಸಿಕ್ಕಿಹಾಕಿಕೊಂಡೆ. ಗಣಪತಿ ಎನ್ನುವ ಬಡಾವಣೆಯಲ್ಲಿ ಪಂಪು ರಿಪೇರಿಯ ವರ್ಕ್‌ಷಾಪ್ ಇಟ್ಟಿದ್ದವರೊಬ್ಬರು ಬಂದು, “ಬಿ.ಎಸ್ಸಿ. ಫಿಸಿಕ್ಸ್ ಓದಿದರೆ ಹುಡುಗನಿಗೆ ಮೋಟಾರ್ ಕೆಲಸ ಬರುತ್ತಾ?” ಎಂದರು. “ಮೋಟಾರ್ ಅಂದರೇನೇ ಫಿಸಿಕ್ಸ್” ಎಂದೆ. ಮಾರನೆಯ ವರ್ಷ ಅವರು ಆಟೋದಲ್ಲಿ ಬಂದು, ಸುಟ್ಟುಹೋದ ಮೋಟಾರೊಂದನ್ನು ನನ್ನ ಕಿಟಕಿಯ ಕೆಳಗೆ ಇಳಿಸಿದರು. “ಒಂದು ವರ್ಷ ಓದಿದ್ದಾನೆ, ಮುಚ್ಚಳ ಬಿಚ್ಚೋಕೂ ಬರಲ್ಲ. ನೀವೇ ಹೇಳಿದ್ರಲ್ಲ, ನಿಮ್ಮ ಪ್ರೊಫೆಸರ್ ಹತ್ರ ಬಿಚ್ಚಿಸಿ” ಎಂದು ಹೊರಟೇಹೋದರು. ಫಿಸಿಕ್ಸ್ ವಿಭಾಗದವರು ಬಂದು ಅದರ ಸುತ್ತ ನಿಂತು ಸಿದ್ಧಾಂತ ಮಾತಾಡಿದರು. ಮೋಟಾರು ವಾರಗಟ್ಟಲೆ ಅಲ್ಲೇ ಇತ್ತು. ಸಾಲಿನಲ್ಲಿ ನಿಂತವರು ಅದರ ಮೇಲೆ ಟಿಫನ್ ಡಬ್ಬಿ ಇಡುತ್ತಿದ್ದರು.

ಇಷ್ಟಾದರೂ ನನಗೊಂದು ಜಂಬವಿತ್ತು. ಜನ ಬಾಯಲ್ಲಿ ಕೇಳುವ ಪ್ರಶ್ನೆ ಬೇರೆ, ಹೊಟ್ಟೆಯಲ್ಲಿರುವ ಪ್ರಶ್ನೆ ಬೇರೆ, ಆ ಹೊಟ್ಟೆಯ ಪ್ರಶ್ನೆ ನನಗೆ ಗೊತ್ತಾಗುತ್ತದೆ ಎಂಬ ಜಂಬ. ಅದು ಬಂದದ್ದು ಕನ್ನಡದಿಂದ. ನಮ್ಮ ಕಡೆಯ ಕನ್ನಡದವರಿಗೆ ಮನೆಮಾತು ಒಂದು ಒಳಕೋಣೆ ಇದ್ದ ಹಾಗೆ. ಅಂಗಡಿಯಲ್ಲಿ, ಬಸ್ಸಿನಲ್ಲಿ, ಆಫೀಸಿನಲ್ಲಿ ಎದುರಿನವನಿಗೆ ತಿಳಿಯಬಾರದ ಮಾತಿದ್ದರೆ ಆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ನನ್ನ ಕಿಟಕಿಯಲ್ಲೂ ಹಾಗೆಯೇ. ನನ್ನ ಜೊತೆ ತಮಿಳು, ತಮ್ಮತಮ್ಮಲ್ಲಿ ಕನ್ನಡ. ಬಾಗಿಲ ಒಳಗೇ ನಾನು ಕೂತಿರುವುದು ಅವರಿಗೆ ಗೊತ್ತಿರುತ್ತಿರಲಿಲ್ಲ, ನಾನೂ ಹೇಳುತ್ತಿರಲಿಲ್ಲ. ಅನ್ನೂರು ಕಡೆಯ ಬೇಸಾಯದ ದಂಪತಿ ಒಮ್ಮೆ ಬಂದಿದ್ದರು. ಗಂಡ ತಮಿಳಿನಲ್ಲಿ ಲೈಬ್ರರಿಯ ವಿಷಯ ವಿಚಾರಿಸುತ್ತಿದ್ದ. ಹೆಂಡತಿ ಪಕ್ಕದಿಂದ ಕನ್ನಡದಲ್ಲಿ, “ಲೈಬ್ರರಿ ಇರ್ಲಿ, ಮಗ ಅಲ್ಲಿ ಅಳ್ತಾನಾ ಕೇಳು. ಇವನ್ನ ಕೇಳ್ಬೇಡ, ಇವನ ಮೂತಿ ನೋಡಿದ್ರೆ ಸುಳ್ಳ್ ಹೇಳೋ ಮೂತಿ” ಎಂದಳು. ನಾನು ಮೂತಿಯನ್ನು ಹಾಗೆಯೇ ಇಟ್ಟುಕೊಂಡು ತಮಿಳಿನಲ್ಲಿ, “ಮೊದಲ ವಾರ ಹುಡುಗರು ಅಳುತ್ತಾರೆ, ಆಮೇಲೆ ಊರಿಗೆ ಕರೆದರೂ ಬರುವುದಿಲ್ಲ” ಎಂದೆ. ಹೆಂಡತಿ ಬೆರಗಾಗಿ ಗಂಡನಿಗೆ, “ಪರ್ವಾಗಿಲ್ಲ, ಬುದ್ಧಿ ಐತೆ ಇವನಿಗೆ” ಎಂದಳು. ಅಲ್ಲಿಂದ ನನ್ನ ತಲೆ ಕಿಟಕಿಗಿಂತ ದೊಡ್ಡದಾಯಿತು.

ನನ್ನ ಮೇಲಿದ್ದವರು ಸೂಪರಿಂಟೆಂಡೆಂಟ್ ವೇಲುಚ್ಚಾಮಿ. ಒಳ್ಳೆಯ ಮನುಷ್ಯ, ಆದರೆ ಒಳ್ಳೆಯತನವನ್ನು ಆಫೀಸಿಗೆ ತರುತ್ತಿರಲಿಲ್ಲ. ಪ್ರವೇಶದ ತಿಂಗಳುಗಳಲ್ಲಿ ಒಂದೊಂದು ದಿನ ಇದ್ದಕ್ಕಿದ್ದಂತೆ ಸಿರುಮುಗೈ ಕಡೆಯ ನೇಕಾರರು ಗುಂಪುಗುಂಪಾಗಿ ಬಂದು ಸಾಲು ಗೇಟಿನವರೆಗೆ ಬೆಳೆಯುತ್ತಿತ್ತು. ಮಿಕ್ಕ ದಿನ ಒಬ್ಬರೂ ಇಲ್ಲ. ಅಂಥದೊಂದು ದಿನ, ಏಕೆ ಹೀಗೆ ಎಂದು ವೇಲುಚ್ಚಾಮಿ ಕೇಳಿದಾಗ ನಾನು ದೊಡ್ಡ ತಜ್ಞನ ಹಾಗೆ ಬಸ್ಸಿನ ಸೌಕರ್ಯ, ಸಂತೆಯ ದಿನ, ನೂಲಿನ ಧಾರಣೆ ಎಂದೆಲ್ಲ ವಿವರಿಸಿದೆ. ಅವರು ಪೂರ್ತಿ ಕೇಳಿ, ಗೋಡೆಯ ಮೇಲಿದ್ದ ದಿನದ ಕ್ಯಾಲೆಂಡರಿನ ಕಪ್ಪು ಚುಕ್ಕೆಯ ಮೇಲೆ ಬೆರಳಿಟ್ಟರು.

“ಏನಯ್ಯಾ ನಂಜಪ್ಪಾ, ಇವತ್ತು ಅಮಾವಾಸ್ಯೆ. ಮಗ್ಗ ಮುಟ್ಟೋ ಹಾಗಿಲ್ಲ, ಅದಕ್ಕೇ ಬಂದಿದ್ದಾರೆ. ನಾನು ಎಣ್ಣೆಗಾಣದ ಮನೆಯವನು, ನನಗೇ ಗೊತ್ತು. ನೀನು ಮಗ್ಗದ ಮನೆಯವನು ತಾನೆ?”

ಹೌದು, ನಾನು ಮಗ್ಗದ ಮನೆಯವನೇ. ತಿಂಗಳಿಗೊಮ್ಮೆ ಮಗ್ಗ ಸುಮ್ಮನಾದಾಗ ಮನೆಯಲ್ಲಿ ಆವರಿಸುತ್ತಿದ್ದ ಆ ನಿಶ್ಶಬ್ದದಲ್ಲೇ ಬೆಳೆದವನು. ಭಾನುವಾರದ ರಜೆ ಸಿಕ್ಕ ಮೇಲೆ ಅಮಾವಾಸ್ಯೆಯ ರಜೆ ಮರೆತುಹೋಗಿತ್ತು, ಅಷ್ಟೆ. ಆದರೂ ವೇಲುಚ್ಚಾಮಿಯವರ ಮಾತು ಮುಳ್ಳಿನ ಹಾಗೆ ಕೂತಿತು. ಇವತ್ತೇ, ಈ ಸಾಲಿನಲ್ಲೇ, ನಾನು ಎಂಥ ಮಗ್ಗದ ಮನೆಯವನು ಎಂದು ತೋರಿಸಿಬಿಡುತ್ತೇನೆ ಎಂದುಕೊಂಡು ಕಿಟಕಿಗೆ ಮರಳಿದೆ. ಆಗ ಸರಳು ಹಿಡಿದು ನಿಂತಿದ್ದವನು ರಂಗಸಾಮಿ.

ತೆಳ್ಳನೆಯ ಮನುಷ್ಯ, ಒಗೆದ ಬಿಳಿ ಪಂಚೆ. ಹಿಂದೆ ಅವನ ತಾಯಿ, ಕಿವಿಯಲ್ಲಿ ತೂಗುವ ಓಲೆಯ ಮುದುಕಿ. ಅವಳ ಪಕ್ಕದಲ್ಲಿ ಪ್ಲಸ್ ಟೂ ಮುಗಿಸಿದ ಅವನ ಮಗಳು ಜ್ಯೋತಿಮಣಿ, ತಾಯಿ ಇಲ್ಲದ ಹುಡುಗಿ. ರಂಗಸಾಮಿ ತಮಿಳಿನಲ್ಲಿ ಕೇಳಿದ: “ಕಾಲೇಜು ಎತ್ತನ ಮಣಿಕ್ಕುಂಗ ಸಾರ್?” ಕಾಲೇಜು ಎಷ್ಟು ಗಂಟೆಗೆ ಎಂದು. ಅಷ್ಟರಲ್ಲಿ ಅಜ್ಜಿ ಹಿಂದಿನಿಂದ ಕನ್ನಡದಲ್ಲಿ, “ಗಂಟ್ಲು ಒಣಗ್ತದೆ ಕಣಪ್ಪಾ, ನೀರ್ ಎಲ್ಲೈತೋ” ಎಂದಳು.

ಬೇರೆ ದಿನವಾಗಿದ್ದರೆ ನಾನು ಸುಮ್ಮನಿದ್ದು ಮುಂದಿನ ಮಾತಿಗೆ ಕಿವಿ ಕೊಡುತ್ತಿದ್ದೆ. ಅವತ್ತು ಸರಳಿಗೆ ಮುಖ ಒತ್ತಿ, “ಅಜ್ಜೀ, ಬೇವಿನ ಮರದ ಕೆಳಗೆ ಮಡಕೇಲಿ ನೀರೈತೆ! ನಾನೂ ನಮ್ಮವನೇ, ಮಗ್ಗದ ಮನೆಯವನೇ!” ಎಂದು ಕೂಗಿದೆ.

ಅಜ್ಜಿಯ ಮುಖ ಅರಳಲಿಲ್ಲ. “ಅಯ್ಯೋ, ಇಷ್ಟೊತ್ತು ನಾವಾಡಿದ್ದೆಲ್ಲಾ ಕೇಳ್ಕೊಂಡ್ಯಾ?” ಎಂದು ಸೆರಗನ್ನು ಬಾಯಿಗೆ ಇಟ್ಟುಕೊಂಡಳು. ಇಟ್ಟದ್ದು ತೆಗೆಯಲಿಲ್ಲ. ಮೂವರಿಗೂ ಇದ್ದ ಒಂದು ಒಳಕೋಣೆಯ ಬಾಗಿಲನ್ನು ನಾನೇ ಒದ್ದು ತೆಗೆದಿದ್ದೆ. ಇನ್ನು ಅವರು ಎಲ್ಲಿ ಕೂತು ಮಾತಾಡಬೇಕು?

ರಂಗಸಾಮಿ ಪಾಪ ಕನ್ನಡದಲ್ಲೇ ಮತ್ತೆ ಕೇಳಿದ. “ಗಂಟೆ ಎಷ್ಟಕ್ಕೆ ಹೊಡೀತಾರೆ ಸಾರ್? ಬಿಡೋದು ಎಷ್ಟಕ್ಕೆ?”

ನನ್ನ ಹೊಟ್ಟೆ ಓದುವ ವಿದ್ಯೆ ಎದ್ದು ಕೂತಿತು. ಹುಡುಗಿಯ ಅಪ್ಪ ಗಂಟೆ ಕೇಳುತ್ತಾನೆಂದರೆ ಅದು ಗಂಟೆಯ ಪ್ರಶ್ನೆಯೇ? ಅಲ್ಲ. ಅದು ಭಯ. ಹುಡುಗರ ಭಯ. ಅದನ್ನು ಬಾಯಿಬಿಟ್ಟು ಕೇಳಲಾರ, ನಾನೇ ಅರ್ಥ ಮಾಡಿಕೊಳ್ಳಬೇಕು. “ನೀವೇನೂ ಹೆದರಬೇಡಿ” ಎಂದು ಶುರುಮಾಡಿದೆ. ನಮ್ಮಲ್ಲಿ ಹುಡುಗರಿಗೆ ಒಂದು ಮೆಟ್ಟಿಲು, ಹುಡುಗಿಯರಿಗೆ ಒಂದು ಮೆಟ್ಟಿಲು ಎಂದೆ. ಹುಡುಗಿಯರ ಕೋಣೆಗೆ ಒಳಗಿನಿಂದ ಅಗುಳಿ ಇದೆ ಎಂದೆ. ಗೇಟಿನ ಹತ್ತಿರ ನಿಂತು ಹಾಡು ಹೇಳುವ ಹುಡುಗರನ್ನು ವಾಚ್‌ಮನ್ ಓಡಿಸುತ್ತಾನೆ ಎಂದೆ. ಹೋದ ವರ್ಷ ಹುಡುಗಿಯೊಬ್ಬಳ ಡೆಸ್ಕಿನ ಮೇಲೆ ಚೀಟಿ ಎಸೆದವನನ್ನು ಮೂರೇ ದಿನದಲ್ಲಿ ಕಾಲೇಜಿನಿಂದ ತೆಗೆದುಹಾಕಿದೆವು ಎಂದೆ.

ಅಜ್ಜಿ ಸೆರಗು ತೆಗೆದಳು. “ಚೀಟಿ ಎಸೀತಾರಾ?”

“ಒಬ್ಬನೇ ಅಜ್ಜಿ. ಕಳಿಸಿಬಿಟ್ವಿ.”

“ಹಾಡೂ ಹೇಳ್ತಾರಾ?”

“ಹೊರಗೆ ನಿಂತು ಹೇಳ್ತಾರೆ, ಒಳಗೆ ಬರಲ್ಲ.”

“ಅಂಗಾದ್ರೆ ಅಗುಳಿ ಯಾಕೆ ಆಕ್ಸಿದ್ದೀರಿ?”

ಇದಕ್ಕೆ ಪ್ರಾಸ್ಪೆಕ್ಟಸ್‌ನಲ್ಲಿ ಉತ್ತರವಿರಲಿಲ್ಲ. ಮೂವರೂ ಬೇವಿನ ಮರದ ಕೆಳಗೆ ಹೋಗಿ ನನಗೆ ಕೇಳಿಸದಷ್ಟು ದೂರದಲ್ಲಿ ನಿಂತರು. ಅಜ್ಜಿಯ ಬೆರಳು ಅಲ್ಲಾಡುವುದು ಮಾತ್ರ ಕಾಣುತ್ತಿತ್ತು. ಆಮೇಲೆ ಬಸ್ ಸ್ಟಾಪಿನ ಕಡೆ ನಡೆದರು. ಅರ್ಧ ದಾರಿಯಿಂದ ಹುಡುಗಿ ಒಬ್ಬಳೇ ಓಡಿಬಂದಳು. ನೇಯ್ದ ಬಟ್ಟೆಯ ಮೇಲೆ ಎಣ್ಣೆ ಚೆಲ್ಲಿದವನನ್ನು ನೋಡುವ ಹಾಗೆ ನನ್ನನ್ನು ನೋಡಿದಳು.

“ಸಾರ್, ಒಂದು ತಿಂಗಳಿಂದ ಹೇಳಿ ಹೇಳಿ ಅಜ್ಜೀನ ಒಪ್ಪಿಸಿದ್ದೆ. ಅವರಿಗೆ ಹುಡುಗರ ಯೋಚನೇನೇ ಇರ್ಲಿಲ್ಲ. ನೀವು ಹೇಳ್ಕೊಟ್ರಿ.”

“ಇಲ್ಲಮ್ಮ, ನಿಮ್ಮಪ್ಪ ಗಂಟೆ ಕೇಳಿದ್ರಲ್ಲ...”

“ಗಂಟೆ ಕೇಳಿದ್ರು. ನೀವು ಗಂಟೆ ಒಂದು ಬಿಟ್ಟು ಎಲ್ಲಾ ಹೇಳಿದ್ರಿ.” ಅವಳು ಸರಳು ಬಿಗಿಯಾಗಿ ಹಿಡಿದಳು. “ಈ ವರ್ಷ ಸೇರ್ಲಿಲ್ಲ ಅಂದ್ರೆ ಮುಗೀತು ಸಾರ್. ಮುಂದಿನ ವರ್ಷ ಕೇಳೋಕೆ ನಂಗೆ ಬಾಯಿ ಇರಲ್ಲ. ಸಿರುಮುಗೈನಲ್ಲಿ ನೀರಿನ ಟ್ಯಾಂಕಿನ ಪಕ್ಕದ ಬೀದಿ. ನೀವೇ ಬಂದು ಸರಿ ಮಾಡಿ.”

ಅರ್ಜಿ ಕೊಡಲು ಮುಂದಿನ ಬುಧವಾರ ಕೊನೆ. ಮುಂದಿನ ಅಮಾವಾಸ್ಯೆಗೆ ಇನ್ನೂ ತಿಂಗಳಿತ್ತು, ಅಲ್ಲಿಯತನಕ ರಂಗಸಾಮಿ ಮಗ್ಗ ಬಿಟ್ಟು ಬರುವುದಿಲ್ಲ. ವೇಲುಚ್ಚಾಮಿಯವರಿಗೆ ನಡೆದದ್ದು ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. “ನಿನಗೆ ಸಂಬಳ ಕೊಡೋದು ಜನರನ್ನ ಸೇರಿಸೋಕೆ ನಂಜಪ್ಪಾ, ಓಡಿಸೋಕಲ್ಲ. ಅದಕ್ಕೆ ವಾಚ್‌ಮನ್ ಇದ್ದಾನೆ. ಭಾನುವಾರ ಹೋಗಿ ಬಾ. ಹೋದ ಕಡೆ ಬಾಯಿ ಕಡಿಮೆ ಮಾಡು.”

ಭಾನುವಾರ ಸಿರುಮುಗೈಗೆ ಹೋದೆ. ನನ್ನ ರಜೆ ಮಗ್ಗಕ್ಕೆ ಗೊತ್ತಿರಲಿಲ್ಲ. ಬೀದಿಯ ತುಂಬ ಅದರದೇ ಸದ್ದು. ರಂಗಸಾಮಿ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದ. ಜ್ಯೋತಿಮಣಿ ರಾಟೆಯ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದಳು. ಲಾಳಿಯೊಳಗೆ ಇಡುವ ಆ ಸಣ್ಣ ಕಡ್ಡಿಗೆ ನೂಲು ಸುತ್ತುವ ಕೆಲಸ ನಮ್ಮ ಮನೆಗಳಲ್ಲಿ ಹೆಂಗಸರದು. ಅದು ನಿಂತರೆ ಲಾಳಿ ಖಾಲಿ, ಲಾಳಿ ಖಾಲಿಯಾದರೆ ಮಗ್ಗ ನಿಂತಂತೆ. ಅಜ್ಜಿ ಗೋಡೆಗೆ ಒರಗಿ ಕೂತಿದ್ದಳು, ಪಕ್ಕದಲ್ಲಿ ಇನ್ನೂ ರಾಟೆ ಕಲಿಯದ ಕಿರಿಯ ಮೊಮ್ಮಗಳು ಸ್ಕೂಲ್ ಪುಸ್ತಕ ಹಿಡಿದಿದ್ದಳು.

“ಬಂದ್ಯಾ ಸಾಮಿ? ಇನ್ನೂ ಏನಾದ್ರೂ ಹೇಳೋದು ಬಿಟ್ಟೋಗಿತ್ತಾ?”

“ಅಜ್ಜಿ, ಅವತ್ತು ನಾನು ಹೇಳಿದ್ದು ನೀವು ಅಂದುಕೊಂಡ ಹಾಗಲ್ಲ. ಚೀಟಿ ಎಸೆದದ್ದು ನಿಜ, ಆದರೆ ಆ ಹುಡುಗಿ ಅದನ್ನ ಓದಲೇ ಇಲ್ಲ. ಓದಿದ್ದು ಪ್ರಿನ್ಸಿಪಾಲರು...” ವೇಲುಚ್ಚಾಮಿಯವರ ಬುದ್ಧಿಮಾತು ನೆನಪಾಗಿ ಅಲ್ಲಿಗೇ ನಿಲ್ಲಿಸಿದೆ. ತಡವಾಗಿತ್ತು. ಜ್ಯೋತಿಮಣಿ ಹಣೆ ಚಚ್ಚಿಕೊಂಡಳು.

ರಂಗಸಾಮಿ ಮಗ್ಗ ನಿಲ್ಲಿಸದೆಯೇ ಹೇಳಿದ. “ಸಾರ್, ನಾನು ಗಂಟೆ ಕೇಳಿದ್ದು ಯಾಕೆ ಅಂದ್ರೆ, ಇವಳು ಎಷ್ಟೊತ್ತಿಗೆ ಮನೆ ಬಿಡಬೇಕು ಅಂತ ಗೊತ್ತಾದ್ರೆ ಅಷ್ಟ್ರೊಳಗೆ ನಂಗೆ ಬೇಕಾದ ಕಂಡಿಕೆ ಸುತ್ತಿ ಇಡ್ತಾಳಾ ನೋಡ್ಬೇಕಿತ್ತು. ಬೇರೇನೂ ಇಲ್ಲ.”

ನನ್ನ ತಾಯಿ ಬದುಕೆಲ್ಲ ಸುತ್ತಿದ್ದು ಅದೇ ಕಂಡಿಕೆ. ಆ ಪ್ರಶ್ನೆ ಊರಿನಲ್ಲಿ ಯಾರಿಗೆ ಅರ್ಥವಾಗದಿದ್ದರೂ ನನಗೆ ಆಗಬೇಕಿತ್ತು. “ಒಂಬತ್ತೂವರೆಗೆ ಗಂಟೆ” ಎಂದೆ. “ಏಳೂವರೆ ಬಸ್ಸಿಗೆ ಹೊರಟರೆ ಸಾಕು. ಮೂರೂಮುಕ್ಕಾಲಿಗೆ ಬಿಡ್ತಾರೆ.”

ರಂಗಸಾಮಿಯ ಮುಖ ಸಡಿಲವಾಯಿತು. “ಬೆಳಿಗ್ಗೆ ಎದ್ದು ಸುತ್ತಿಟ್ರೆ ಮಧ್ಯಾಹ್ನದ್ ತಂಕ ಬತ್ತದೆ. ಆಮೇಲೆ ಅವ್ವ ಸುತ್ತುತ್ತೆ.”

“ಅವ್ವ ಸುತ್ತಲ್ಲ” ಎಂದಳು ಅಜ್ಜಿ. “ಹಾಡು ಹೇಳೋ ಊರಿಗೆ ಹುಡುಗಿ ಕಳಿಸಿ ನಾನು ಇಲ್ಲಿ ರಾಟೆ ತಿರುಗಿಸ್ಲಾ?”

ಜ್ಯೋತಿಮಣಿ ರಾಟೆ ನಿಲ್ಲಿಸಿದಳು. “ಅಜ್ಜೀ, ನಾನು ಹಿಟ್ಟಿನ ಮಿಷನ್ನಿಗೆ ಹೋದ್ರೂ ಅಲ್ಲಿ ನಾಲ್ಕು ಜನ ನಿಂತು ಹಾಡ್ತಾರೆ. ಹಿಟ್ಟು ಹಾಕ್ಸೋದು ಬಿಡ್ಸಿದ್ಯಾ ನೀನು? ಆ ಹಿಟ್ಟಿನ ಪುಟ್ಟು ಮಾತ್ರ ತಿಂತೀಯ.”

ರಂಗಸಾಮಿ ಬಗ್ಗಿ ಲಾಳಿ ನೋಡುವವನ ಹಾಗೆ ನಗು ಮುಚ್ಚಿಕೊಂಡ. ಅಜ್ಜಿ ನನ್ನ ಮೇಲೆ ತಿರುಗಿದಳು. “ಪರೀಕ್ಷೆ ಗಿರೀಕ್ಷೆ ಅಂತ ಇವಳು ಓದ್ತಾ ಕೂತ್ರೆ ಅವತ್ತು ಸುತ್ತೋರು ಯಾರು? ನಿಮ್ಮ ಪ್ರಿನ್ಸಿಪಾಲ್ ಬತ್ತಾರಾ?”

“ನಾನು ಸುತ್ತುತ್ತೇನೆ!” ಎಂದೆ. ಬಾಯಿ ಕಡಿಮೆ ಮಾಡು ಎಂದಿದ್ದರು. ಆಗಲಿಲ್ಲ.

“ಹೌದಾ? ಮಗ್ಗದ ಮನೆಯವನು ಅಂದ್ಯಲ್ಲ. ಕೂತ್ಕೋ.”

ಜ್ಯೋತಿಮಣಿ ಎದ್ದಳು, ನಾನು ಕೂತೆ. ಅಲ್ಲಿಯವರೆಗೆ ಸಾವಿರಾರು ಹುಡುಗರು ನನ್ನ ಕಿಟಕಿಯ ಮುಂದೆ ಬೆವರುತ್ತಾ ನಿಂತಿದ್ದರು. ಅವರಿಗೆ ಹೇಗಾಗುತ್ತಿತ್ತು ಎಂದು ಅವತ್ತು ತಿಳಿಯಿತು. ಬಲಗೈಯಲ್ಲಿ ರಾಟೆ ತಿರುಗಿಸಿದರೆ ಎಡಗೈ ನೂಲು ಮರೆಯುತ್ತಿತ್ತು. ನೂಲಿನ ಮೇಲೆ ಗಮನವಿಟ್ಟರೆ ರಾಟೆ ಹಿಂದಕ್ಕೆ ಹೋಗುತ್ತಿತ್ತು. ನೂಲು ಹರಿಯಿತು. ಗಂಟು ಹಾಕಿದೆ. ಗಂಟಿನ ಪಕ್ಕ ಮತ್ತೆ ಹರಿಯಿತು. ಜ್ಯೋತಿಮಣಿ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು, ಅವಳ ಕಾಲೇಜಿನ ಮೂರು ವರ್ಷ ನನ್ನ ಎಡಗೈಯಲ್ಲಿ ಸಿಕ್ಕಿಕೊಂಡಿತ್ತು. ಕೊನೆಗೆ ಒಂದು ಕಂಡಿಕೆ ತಯಾರಾಯಿತು. ತುದಿಯಲ್ಲಿ ತೆಳು, ನಡುವೆ ಇಲಿ ನುಂಗಿದ ಹಾವಿನ ಹಾಗೆ ಉಬ್ಬು.

ರಂಗಸಾಮಿ ಮರ್ಯಾದಸ್ಥ. ಏನೂ ಹೇಳದೆ ಅದನ್ನು ಲಾಳಿಗೆ ಹಾಕಿ ಎಸೆದ. ಲಾಳಿ ಅರ್ಧ ದಾರಿ ಹೋಗಿ ಅಲ್ಲೇ ನಿಂತಿತು. ಮಗ್ಗ ನಿಂತಿತು. ಅಮಾವಾಸ್ಯೆಯಲ್ಲದ ದಿನ ಆ ಮನೆಯಲ್ಲಿ ನಿಶ್ಶಬ್ದ. ಪಕ್ಕದ ಮನೆಯ ಹೆಂಗಸು ಏನಾಯಿತು ಎಂದು ಬಾಗಿಲಿಗೆ ಬಂದಳು.

ಅಜ್ಜಿಗೆ ಮೊದಲು ಹೊಟ್ಟೆ ಕುಲುಕಿತು, ಆಮೇಲೆ ಓಲೆ. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಪಕ್ಕದ ಮನೆಯವಳನ್ನು ಕರೆದು ನನ್ನನ್ನು ತೋರಿಸಿದಳು. “ನೋಡೇ, ಇವನು ಮಗ್ಗದ ಮನೆಯವನಂತೆ. ಕಂಡಿಕೆ ಬರಲ್ಲ, ಕೇಳಿದ್ದಕ್ಕೆ ಉತ್ತರ ಹೇಳೋಕೂ ಬರಲ್ಲ. ಇವನಿಗೇ ಅಲ್ಲಿ ಕುರ್ಚಿ ಹಾಕಿ, ಫ್ಯಾನ್ ಹಾಕಿ, ಸಂಬಳ ಕೊಟ್ಟು ಕೂರ್ಸವ್ರೆ!” ಕಣ್ಣೊರೆಸಿಕೊಂಡು ಮಗನ ಕಡೆ ತಿರುಗಿದಳು. “ಇಂಥವನೇ ಅಲ್ಲಿ ಬದುಕ್ತಾನೆ ಅಂದ್ರೆ ನಮ್ಮ ಜ್ಯೋತಿಗೆ ಅಲ್ಲಿ ಏನಾಗ್ತದೆ ರಂಗಾ? ಕಳ್ಸು.”

ಕಾಲೇಜಿನ ಪರವಾಗಿ ನಾನು ಕೊಟ್ಟ ಅತ್ಯುತ್ತಮ ಪ್ರಚಾರ ಇದೇ. ಜ್ಯೋತಿಮಣಿ ಬಿ.ಎಸ್ಸಿ. ಗಣಿತಕ್ಕೆ ಸೇರಿದಳು.

ಆದರೆ ಅಜ್ಜಿ ಮಾತು ಮರೆಯುವವಳಲ್ಲ. ನಾನು ಸುತ್ತುತ್ತೇನೆ ಎಂದಿದ್ದೆ; ಹಾಗಾಗಿ ಮೊದಲ ಪರೀಕ್ಷೆಯ ಹೊತ್ತಿಗೆ ಜ್ಯೋತಿಮಣಿಯ ಕೈಯಲ್ಲಿ ಹೇಳಿಕಳಿಸಿದಳು. ಹುಡುಗಿ ಕಿಟಕಿಗೆ ಬಂದು, ಸಾಲಿನಲ್ಲಿದ್ದವರಿಗೆಲ್ಲ ಕೇಳಿಸುವ ಹಾಗೆ, “ಸಾರ್, ಭಾನುವಾರ ಕಂಡಿಕೆಗೆ ಬರಬೇಕಂತೆ” ಎಂದಳು. ಹೋದೆ. ಆಮೇಲೆ ಪ್ರತಿ ಪರೀಕ್ಷೆಗೂ ಹೋದೆ. ಒಳಕೋಣೆಯಲ್ಲಿ ಅವಳು ಲೆಕ್ಕ ಬಿಡಿಸುತ್ತಿದ್ದಳು, ಹೊರಗೆ ನಾನು ನೂಲಿನ ಗಂಟು ಬಿಡಿಸುತ್ತಿದ್ದೆ. ಅಜ್ಜಿ ನನ್ನ ಕಂಡಿಕೆಗಳನ್ನು ಬೇರೆ ಬುಟ್ಟಿಯಲ್ಲಿ ಇಡುತ್ತಿದ್ದಳು. ಮಗ್ಗಕ್ಕೆ ಹಾಕುವುದಕ್ಕಲ್ಲ, ಬಂದವರಿಗೆ ತೋರಿಸುವುದಕ್ಕೆ.

ಮಗಳೇ, ನಿನ್ನ ಗಾಜಿನ ಕೋಣೆಗೆ ಯಾರಾದರೂ ಬಂದು ಗಂಟೆ ಕೇಳಿದರೆ ಮೊದಲು ಗಂಟೆ ಹೇಳು. ಹೊಟ್ಟೆಯಲ್ಲಿ ಬೇರೆ ಪ್ರಶ್ನೆ ಇದ್ದರೆ ಅವರೇ ಸ್ವಲ್ಪ ಹೊತ್ತು ನಿಲ್ಲುತ್ತಾರೆ. ನಿಲ್ಲುವಷ್ಟು ಹೊತ್ತು ನೀನು ಸುಮ್ಮನಿರಬೇಕು. ನನಗೆ ಗೊತ್ತಿರುವ ವಿದ್ಯೆ ಇಷ್ಟೇ, ಇದರಲ್ಲೂ ನಾನು ಪಾಸಾದದ್ದು ಒಂದೇ ಸಲ.

ಜ್ಯೋತಿಮಣಿ ಕೊನೆಯ ವರ್ಷ ಮುಗಿಸಿದ ಬೇಸಿಗೆ. ಅಮಾವಾಸ್ಯೆ, ಸಾಲು ಗೇಟಿನವರೆಗೆ. ಸರಳಿನ ಮೇಲೆ ಒಂದು ಸುಕ್ಕುಗಟ್ಟಿದ ಕೈ ಬಂತು. ಮುಖ ನೋಡದೆಯೇ “ಅಜ್ಜಿ” ಎಂದೆ, ಆ ಸಲ ತಪ್ಪಲಿಲ್ಲ. ಅಜ್ಜಿಯ ಪಕ್ಕದಲ್ಲಿ ಜ್ಯೋತಿಮಣಿಯ ತಂಗಿ. ನನ್ನ ಬೆನ್ನ ಹಿಂದೆ ವೇಲುಚ್ಚಾಮಿ ಬಂದು ನಿಂತದ್ದು ಗೊತ್ತಾಯಿತು.

“ಗಂಟೆ ಎಷ್ಟಕ್ಕಪ್ಪಾ?”

“ಒಂಬತ್ತೂವರೆ.”

“ಬಿಡೋದು?”

“ಮೂರೂಮುಕ್ಕಾಲು.”

ಬಾಯಿ ಮುಚ್ಚಿದೆ. ಅಜ್ಜಿ ಕಾದಳು. ನಾನೂ ಕಾದೆ. ಸಾಲಿನಲ್ಲಿದ್ದವರು ಇಣುಕಿ ನೋಡಿದರು.

“ಮೆಟ್ಲು ಎರಡೈತಲ್ಲ, ಅದರ ಕತೆ ಹೇಳಲ್ವಾ?”

“ನೀವು ಕೇಳಲಿಲ್ಲವಲ್ಲ ಅಜ್ಜಿ.”

ಅಜ್ಜಿ ಸೊಸೆಗೆ ಅಡುಗೆ ಕಲಿಸಿ ಮುಗಿಸಿದವಳ ಹಾಗೆ ತಲೆಯಾಡಿಸಿದಳು. ಅರ್ಜಿ ತೆಗೆದುಕೊಂಡು ಮೊಮ್ಮಗಳ ಕೈಗೆ ಕೊಟ್ಟಳು. ಎರಡು ಹೆಜ್ಜೆ ಹೋದವಳು ತಿರುಗಿ ಬಂದು ಮತ್ತೆ ಸರಳು ಹಿಡಿದಳು.

“ಸುತ್ತೋರು ಇನ್ನೊಬ್ಬಳು ಕಡಿಮೆ ಆದ್ಲು. ಭಾನುವಾರ ಬೇಗ ಬಾ.”